ಕಮಲಿಯ ಹನ್ನೊಂದು ಬಾಟ್ಲಿ

ನನ್ನನ್ನು ಕಳ್ಳಿ ಅಂದರು. ಕದ್ದದ್ದು ಹೌದು. ಎಷ್ಟು ಕದ್ದೆ ಅನ್ನುವುದರ ಮೇಲೆಯೇ ಜಗಳ ಆದದ್ದು. ಅದನ್ನೇ ಹೇಳುತ್ತೇನೆ.

ನಾನು ಲಕ್ಕಿ. ಭಟ್ಕಳ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ಚಾರ್ಜು ಹಾಕಿಯಾರು. ಆಯಾ ಅನ್ನುವುದು ಸಂಬಳದ ಪುಸ್ತಕದಲ್ಲಿ ಮಾತ್ರ. ವಾರ್ಡಿನಲ್ಲಿ ನನ್ನನ್ನು ಕರೆಯುವುದು "ಏ ಬಾಲ್ದಿ" ಎಂದು. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಆರರವರೆಗೆ ಹೇಲು, ಉಚ್ಚೆ, ವಾಂತಿ, ರಕ್ತ. ಮಳೆಗಾಲದಲ್ಲಿ ಭೇದಿಯವರು ಬರಲು ಸುರುವಾದರೆ ದಿನಕ್ಕೆ ಮೂವತ್ತು ಬಾಲ್ದಿ ಹೊರಬೇಕು. ಬ್ಲೀಚಿಂಗ್ ಪುಡಿಗೆ ಬೆರಳ ಸಂದು ಒಡೆದುಹೋಗಿದೆ. ಅನ್ನ ಕಲಸುವಾಗ ಉಪ್ಪು ತಾಗಿ ಉರಿಯುತ್ತದೆ. ಒಮ್ಮೆ ಗ್ಲೌಸು ಕೇಳಿದ್ದೆ.

"ನಿನಗೆಂತಕ್ಕೆ ಗ್ಲೌಸು? ಆಪರೇಷನ್ ಮಾಡ್ತೀಯ?" ಅಂದ ಮ್ಯಾನೇಜರ್ ಗುರುದತ್ತ. ಕೌಂಟರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಸೊಕ್ಕು ಅನ್ನುತ್ತಾರೆ.

ನನ್ನ ಚಾ ಲೋಟ ಹೊರಗೆ ನಲ್ಲಿಯ ಹತ್ತಿರ ಇರುತ್ತದೆ. ಅದಕ್ಕೆ ಕಾಗೆ ಬಾಯಿ ಹಾಕಿದರೆ ಯಾರಿಗೂ ಅಡ್ಡಿಯಿಲ್ಲ. ನಾನು ಒಳಗಿನ ಲೋಟ ಮುಟ್ಟಿದರೆ ಅಡ್ಡಿ. ಗುರುದತ್ತನಿಗೆ ಎದುರಿನಲ್ಲಿ ಸರ್ ಅನ್ನುತ್ತೇನೆ. ಇಲ್ಲಿ ಅವನಿಲ್ಲ, ಹಾಗಾಗಿ ಅನ್ನುವುದಿಲ್ಲ.

ಈಗ ಬಾಟ್ಲಿಯ ವಿಷಯ. ರೋಗಿಗೆ ಏರಿಸುವ ನೀರಿನ ಬಾಟ್ಲಿಗೆ ಬಿಲ್ಲಿನಲ್ಲಿ ಸಲೈನ್ ಎಂದು ಬರೆಯುತ್ತಾರೆ. ನಾವು ಗ್ಲೂಕೋಸ್ ಅನ್ನುತ್ತೇವೆ. ಖಾಲಿಯಾದ ಪ್ಲಾಸ್ಟಿಕ್ ಬಾಟ್ಲಿಯನ್ನು ನಾನು ಬಿಸಾಡುವುದಿಲ್ಲ. ತೊಳೆದು ಚೀಲಕ್ಕೆ ತುಂಬಿ ಕಡಲ ಬದಿಯ ನಮ್ಮೂರು ತೆಂಗಿನಗುಂಡಿಗೆ ಒಯ್ಯುತ್ತೇನೆ. ಅಲ್ಲಿ ನನ್ನ ತಮ್ಮ ಮಾಬ್ಲ ಇದ್ದಾನೆ. ಅವನದ್ದು ಒಂದು ಪಾತಿ ದೋಣಿ, ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕುವಷ್ಟು ಸಣ್ಣದು. ಬಲೆಯ ಮೇಲಂಚು ನೀರಿನ ಮೇಲೆ ತೇಲಬೇಕಾದರೆ ಉದ್ದಕ್ಕೂ ಬೆಂಡು ಕಟ್ಟಬೇಕು. ಅಂಗಡಿಯ ಬೆಂಡಿಗೆ ದುಡ್ಡು ಬೇಕು. ಬಾಟ್ಲಿಯ ಮೂತಿಗೆ ಕಾಸಿದ ಕಬ್ಬಿಣ ಒತ್ತಿ ಮುಚ್ಚಿದರೆ ಬಿಟ್ಟಿ ಬೆಂಡು.

ಪ್ರತಿ ಬಾಟ್ಲಿಗೂ ಒಂದು ಬಿಳಿ ಪಟ್ಟಿ ಅಂಟಿಸಿರುತ್ತದೆ. ಕಾಯ್ಕಿಣಿಯ ಮಾಲಿನಿ ಸಿಸ್ಟರ್ ಅದರ ಮೇಲೆ ಪೆನ್ನಿನಲ್ಲಿ ಹಾಸಿಗೆ ನಂಬರು, ಹೆಸರು, ತಾರೀಕು, ಏರಿಸಿದ ಹೊತ್ತು ಬರೆಯುತ್ತಾಳೆ. ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗಬಾರದಲ್ಲ. ಮಾಬ್ಲ ಆ ಪಟ್ಟಿ ಕೀಳುವುದಿಲ್ಲ. ನಾಲ್ಕನೇ ಕ್ಲಾಸು ಓದಿದ್ದಾನೆ, ಓದಲು ಅವನಿಗೆ ಅದಾದರೂ ಬೇಕು. ಒಬ್ಬೊಬ್ಬರ ಬಾಟ್ಲಿಯನ್ನು ಒಂದೇ ಕಡೆ ಸಾಲಾಗಿ ಕಟ್ಟುತ್ತಾನೆ. ಕಲಸುಮೇಲೋಗರ ಮಾಡಿದರೆ ಅವನಿಗೆ ಸಮಾಧಾನ ಇಲ್ಲ.

"ಅಕ್ಕ, ಈ ಬದಿ ಜ್ವರದವ್ರು, ಆ ಬದಿ ಭೇದಿಯವ್ರು," ಅನ್ನುತ್ತಾನೆ. "ಬಂಗಡೆ ಎಲ್ಲಿ ಬೀಳ್ತದೆ ಕಾಂಬ."

ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಅವನು ಹೊಸ ಬಲೆ ಕಟ್ಟುತ್ತಿದ್ದ. ಶಿವರಾತ್ರಿಯಿಂದ ನಾನು ತಂದ ಬಾಟ್ಲಿಗಳೆಲ್ಲ ಅದಕ್ಕೆ ಏರಿದ್ದವು. ಬಲೆ ಇನ್ನೂ ನೀರು ಮುಟ್ಟಿರಲಿಲ್ಲ.

ಅದೇ ಜುಲೈಯಲ್ಲಿ ಕಮಲಿ ಬಂದಳು. ನಮ್ಮ ತೆಂಗಿನಗುಂಡಿಯವಳೇ, ಮೀನು ಮಾರುವವಳು. ಬಾವಿಗೆ ಮಳೆ ನೀರು ನುಗ್ಗಿ ಕೇರಿಯಲ್ಲಿ ಹತ್ತು ಮಂದಿಗೆ ಭೇದಿ. ಕಮಲಿಗೆ ಎಲ್ಲರಿಗಿಂತ ಜೋರು. ಗಂಡ ವೆಂಕಟ ಎತ್ತಿಕೊಂಡು ಬಂದಾಗ ಅವಳ ಕಣ್ಣು ಗುಳಿ ಬಿದ್ದಿತ್ತು. ಏಳನೇ ಹಾಸಿಗೆ ಕೊಟ್ಟರು. ನಾನು ಎರಡು ದಿನ ಅವಳ ಕೆಳಗಿನ ಬಟ್ಟೆ ಬದಲಿಸಿದೆ. ಮೂರನೇ ದಿನ ಕಣ್ಣು ಬಿಟ್ಟು, "ಲಕ್ಕಕ್ಕ, ನಂಗೆ ನಾಚ್ಕೆ ಆತದೆ," ಅಂದಳು.

"ನಾಚ್ಕೆ ಬಂತಲ್ಲ, ಹಾಂಗಾರೆ ಗುಣ ಆತು," ಅಂದೆ.

ಅವಳಿಗೆ ಏಳು ತಿಂಗಳ ಕೂಸು. ಭೇದಿ ವಾರ್ಡಿಗೆ ಕೂಸನ್ನು ಬಿಡುವುದಿಲ್ಲ. ಮೈಯಲ್ಲಿ ನೀರು ಬಂದ ಕೂಡಲೇ ಎದೆಯಲ್ಲಿ ಹಾಲೂ ಬಂತು. ರವಿಕೆ ಒದ್ದೆಯಾಗುತ್ತಿತ್ತು, ಎದೆ ಕಲ್ಲಾಗಿತ್ತು. ಹಿಂಡಿ ಬಟ್ಟಲಿಗೆ ತೆಗೆದು ನನ್ನ ಬಾಲ್ದಿಗೆ ಹಾಕುತ್ತಿದ್ದಳು. ಹಾಕುವಾಗ ಅಳುತ್ತಿದ್ದಳು. ಅದನ್ನು ಚೆಲ್ಲುವ ಕೆಲಸವೂ ನನ್ನದೇ. ಆ ಆಸ್ಪತ್ರೆಯಲ್ಲಿ ನನಗೆ ಹೊಟ್ಟೆ ಉರಿದದ್ದು ಅದೊಂದು ಬಾಲ್ದಿಗೆ.

ಐದನೇ ದಿನ ಮಾಬ್ಲ ಗೊಣಗಿದ. "ಅಕ್ಕ, ಕಮಲಿದು ಹನ್ನೊಂದೇ ಆತು. ನಂಗೆ ಒಂದು ಸಾಲಿಗೆ ಹನ್ನೆರಡು ಬೇಕು. ಇನ್ನೊಂದು ಏರಿಸೂಕೆ ಹೇಳು."

"ಆ ಹೆಣ್ಣು ಎದ್ದು ಗಂಜಿ ಉಣ್ತಿದೆ. ನಿನ್ನ ಬಲೆಗಾಗಿ ಅದ್ಕೆ ಮತ್ತೆ ಭೇದಿ ಮಾಡ್ಸೂದಾ?"

ಹನ್ನೆರಡನೆಯದಾಗಿ ಯಾರೋ ಒಬ್ಬ ಮುದುಕನ ಬಾಟ್ಲಿ ಕಟ್ಟಿಕೊಂಡ. ಹೀಗಾಗಿ ಹನ್ನೊಂದು ಅನ್ನುವುದು ನನ್ನ ತಲೆಯಲ್ಲಿ ಕೂತಿತು.

ಆರನೇ ದಿನ ಬಿಡುಗಡೆ. ನಾನು ಪೊರಕೆ ಹಿಡಿದು ಕೌಂಟರಿನ ಎದುರು ಗುಡಿಸುತ್ತಿದ್ದೆ. ವೆಂಕಟ ವಿಮೆಯ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಮೀನುಗಾರರ ಸಂಘದಿಂದ ಮಾಡಿಸಿಕೊಟ್ಟ ಕಾರ್ಡು. ಮನೆಯವರಿಗೆಲ್ಲ ಸೇರಿ ವರ್ಷಕ್ಕೆ ಐದು ಸಾವಿರದವರೆಗೆ ಆಸ್ಪತ್ರೆ ಖರ್ಚು ವಿಮೆಯವರೇ ಕೊಡುತ್ತಾರೆ, ನಮ್ಮ ಕೈಯಿಂದ ಒಂದು ಪೈಸೆ ಬೇಡ ಎಂದು ಸಂಘದಲ್ಲಿ ಭಾಷಣ ಮಾಡಿ ಹೇಳಿದ್ದರು.

ಗುರುದತ್ತ ಕಂಪ್ಯೂಟರಿನಿಂದ ಉದ್ದದ ಕಾಗದ ಹರಿದ. "ಒಟ್ಟು ಎಂಟು ಸಾವಿರದ ಇನ್ನೂರು. ಕಾರ್ಡಲ್ಲಿ ಐದು ಸಾವಿರ ಹೋಯ್ತು. ಮೂರು ಸಾವಿರದ ಇನ್ನೂರು ಕ್ಯಾಶ್ ಕಟ್ಟು."

"ಕಾರ್ಡು ಇದ್ರೆ ಎಂತದೂ ಕೊಡೂದ್ ಬೇಡ ಹೇಳಿದ್ರು ಸರ್."

"ಯಾರು ಹೇಳಿದ್ರೋ ಅವರ ಹತ್ರ ಇಸ್ಕೊಂಡು ಬಾ. ಕಟ್ಟೋವರೆಗೆ ಪೇಷಂಟ್ ಇಲ್ಲೇ ಇರ್ತದೆ. ದಿನಕ್ಕೆ ನೂರೈವತ್ತು ಬೆಡ್ ಚಾರ್ಜು ಮೇಲಿಂದ ಬೀಳ್ತದೆ."

ವೆಂಕಟ ಬಹಳ ಮೆತ್ತನೆ ಮನುಷ್ಯ. ಜೋರಾಗಿ ಕೆಮ್ಮಿದರೂ ಸುತ್ತ ನೋಡಿ ಕ್ಷಮೆ ಕೇಳುವಂಥವನು. ಕಾಗದ ಹಿಡಿದು ನನ್ನ ಹತ್ತಿರ ಬಂದು, "ಲಕ್ಕಕ್ಕ, ಮುರ್ಡೇಶ್ವರದವ ಒಬ್ಬ ನನ್ನ ದೋಣಿ ಕೇಳ್ತಿದ್ದ. ಕೊಟ್ಟು ಬತ್ತೆ. ಅಲ್ಲೀವರೆಗೆ ಅವಳನ್ನು ನೋಡ್ಕೊ," ಅಂದ.

ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗೆ ಇಳಿಯಲು ಇನ್ನು ಹತ್ತು ದಿನ ಇತ್ತು. ಆಗ ದೋಣಿ ಕೊಟ್ಟವನು ಮುಂದಿನ ಹತ್ತು ವರ್ಷ ಬೇರೆಯವರ ದೋಣಿಯಲ್ಲಿ ಕೂಲಿ. ನನ್ನ ಅಪ್ಪ ಹಾಗೆಯೇ ಆದದ್ದು.

"ನಿಲ್ಲು," ಅಂದೆ. ಮಾಲಿನಿ ಸಿಸ್ಟರ್ ಅಲ್ಲೇ ಹೋಗುತ್ತಿದ್ದಳು. "ಸಿಸ್ಟರ್, ಇದ್ರಲ್ಲಿ ಎಂತ ಬರ್ದಿದ್ರು, ಚೂರು ಓದಿ."

ಅವಳು ಓದಿದಳು. ಹಾಸಿಗೆ, ಡಾಕ್ಟರ್, ರಕ್ತ ಪರೀಕ್ಷೆ, ಗ್ಲೌಸು. "ಸಲೈನ್ ಮೂವತ್ತೊಂದು," ಅಂದವಳು ಅಲ್ಲಿಗೇ ನಿಂತಳು. ಬಾಟ್ಲಿಗೆ ಎಪ್ಪತ್ತು, ಏರಿಸಿದ್ದಕ್ಕೆ ತಲಾ ನೂರು.

"ಎಷ್ಟು?"

"ಮೂವತ್ತೊಂದು," ಎಂದು ಮೆಲ್ಲಗೆ ಹೇಳಿ ಕಾಗದ ನನ್ನ ಕೈಗೆ ತುರುಕಿ ಹೋದಳು.

ನಾನು ಪೊರಕೆ ಹಿಡಿದೇ ಕೌಂಟರಿಗೆ ಹೋದೆ. "ಸರ್, ತಪ್ಪು ಆಗ್ಯದೆ. ಕಮಲಿಗೆ ಹನ್ನೊಂದೇ ಏರಿಸಿದ್ದು."

ಗುರುದತ್ತ ಮೂಗಿಗೆ ಕರ್ಚೀಪು ಹಿಡಿದ. ನಾನು ಹತ್ತಿರ ಹೋದಾಗಲೆಲ್ಲ ಹಿಡಿಯುತ್ತಾನೆ. "ಬಿಲ್ಲು ಕಂಪ್ಯೂಟರ್ ಮಾಡ್ತದೆ. ಕಂಪ್ಯೂಟರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ? ಬಾಲ್ದಿ ಎತ್ತುವವಳು ಬಾಲ್ದಿ ಎತ್ತು. ಅಲ್ಲಿ ನಾಲ್ಕನೇ ಹಾಸಿಗೆಯವನು ವಾಂತಿ ಮಾಡ್ಕೊಂಡಿದ್ದಾನೆ."

ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಹನ್ನೆರಡು ವರ್ಷ ಅವನು ಹೇಳಿದ್ದಕ್ಕೆಲ್ಲ ನಕ್ಕಿದ್ದೆ. ಆವತ್ತು ನಗು ಬರಲಿಲ್ಲ. ಹೋಗಿ ನಾಲ್ಕನೇ ಹಾಸಿಗೆಯವನಿಗೆ ಬಾಯಿ ಒರೆಸಿದೆ, ಅವನ ತಪ್ಪೇನು. ನೆಲ ತೊಳೆದೆ. ತುಂಬಿದ ಬಾಲ್ದಿಯನ್ನು ತಂದು ಕೌಂಟರಿನ ಎದುರು ಸರಿಯಾಗಿ ನಡುವೆ ಇಟ್ಟೆ.

"ಇದ್ನ ಇವತ್ತು ಕಂಪ್ಯೂಟರ್ ಎತ್ತಲಿ," ಎಂದು ಹೇಳಿ ಹೊರಗೆ ಬಂದೆ.

ತೆಂಗಿನಗುಂಡಿಯ ಟೆಂಪೋ ಹತ್ತಿ ಕೂತ ಮೇಲೆ ಎಂಥ ಖುಷಿ ಆಯಿತು ಅಂದರೆ, ಪಕ್ಕದವಳು ನನ್ನ ಮುಖ ನೋಡಿ ಮಗಳಿಗೆ ಗಂಡು ಗೊತ್ತಾಯಿತಾ ಎಂದು ಕೇಳಿದಳು.

ಬಲೆಯನ್ನೇ ಆಸ್ಪತ್ರೆಗೆ ಒಯ್ದು ಲೆಕ್ಕ ತೋರಿಸುವ ಅಂದರೆ ಮಾಬ್ಲ ಒಪ್ಪಲಿಲ್ಲ. "ಬಲೆ ಕೊಡೂಕಾಗ. ಎರಡು ತಿಂಗ್ಳು ಕೂತು ಕಟ್ಟಿದ್ದು. ಬೇಕಾರೆ ಕಮಲಿಯ ಹನ್ನೊಂದು ಬಿಚ್ಚಿ ಕೊಡ್ತೆ."

"ಬಿಚ್ಚಿದ್ರೆ ಎಲ್ಲೋ ಹೆಕ್ಕಿ ತಂದದ್ದು ಹೇಳ್ತಾರೆ. ಕಟ್ಟಿದ್ದು ಕಟ್ಟಿದ ಹಾಂಗೇ ಬೇಕು."

"ದೊಡ್ಡ ವಕೀಲ್ತಿ," ಅಂದ. ಅಂದವನೇ ಬಲೆ ಸುತ್ತಲು ಕೂತ. ದೋಣಿ ಹೋಗುತ್ತದೆ ಅಂದರೆ ಏನು ಎಂದು ಅವನಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೀನಿನ ಟೆಂಪೋದ ಮೇಲೆ ಬಲೆ ಹೇರಿದೆವು. ಸುದ್ದಿ ಕೇಳಿ ಕೇರಿಯ ಆರೇಳು ಹೆಂಗಸರೂ ಹತ್ತಿದರು. ದುರ್ಗಪ್ಪಜ್ಜನೂ ಹತ್ತಿದ. ಮೇ ತಿಂಗಳಲ್ಲಿ ಜ್ವರ ಬಂದು ಇದೇ ಆಸ್ಪತ್ರೆಯಲ್ಲಿ ಮಲಗಿ ಎದ್ದವನು. ಆ ಬಿಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

"ನಂದೂ ಬಲೇಲಿ ಅದೆ ಅಲ್ದಾ ಮಾಬ್ಲ?"

"ಅದೆ ಅಜ್ಜ. ಬುಡದ ಕಡೆ."

ಆಸ್ಪತ್ರೆಯ ಅಂಗಳದಲ್ಲಿ ಮಳೆ. ಬಲೆಯನ್ನು ಹೊತ್ತು ನೇರ ಒಳಗೆ ತಂದು ಕೌಂಟರಿನ ಎದುರಿನ ನೆಲದ ಮೇಲೆ ಒಂದು ಮೂಲೆಯಿಂದ ಬಿಚ್ಚಿದೆವು. ನಾನಿಟ್ಟ ಬಾಲ್ದಿ ಇನ್ನೂ ಅಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಜನ ಅದನ್ನು ಸುತ್ತು ಹಾಕಿ, ಮೂಗು ಮುಚ್ಚಿ ನಡೆಯುತ್ತಿದ್ದರು.

ಮಾಬ್ಲ ನೆಲದ ಮೇಲೆ ಕೂತ. ಕಮಲಿಯ ಸಾಲು ಹುಡುಕಿ ಹಿಡಿದ. ಬಂಗಡೆ ಹರಾಜಿನಲ್ಲಿ ಕೂಗುವ ಸ್ವರ ತೆಗೆದ. "ಏಳನೇ ಹಾಸಿಗೆ, ಕಮಲಿ, ಹದಿನೆಂಟನೇ ತಾರೀಕು, ಬೆಳಿಗ್ಗೆ ಹತ್ತು. ಒಂದು. ಏಳನೇ ಹಾಸಿಗೆ, ಕಮಲಿ, ಹದಿನೆಂಟನೇ ತಾರೀಕು, ಮಧ್ಯಾಹ್ನ ಒಂದು. ಎರಡು."

ಕಾಯುತ್ತ ಕೂತಿದ್ದವರು ಎದ್ದು ಸುತ್ತ ನಿಂತರು. ಐದಾರು ಬಾಟ್ಲಿ ಆಗುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ಎಣಿಸುತ್ತಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡವನೊಬ್ಬ ಬೆರಳು ಮಡಚಲಾಗದೆ ಕಾಲಿನಲ್ಲಿ ತಾಳ ಹಾಕುತ್ತಿದ್ದ. ಹನ್ನೊಂದಕ್ಕೆ ಮಾಬ್ಲ ನಿಲ್ಲಿಸಿದ.

"ಹನ್ನೆರಡನೇದು ಬೇರೆಯವರದ್ದು," ಅಂದ. "ಬೇಕಾರೆ ಸೇರಿಸ್ಕೊಳ್ಳಿ. ಆದ್ರೂ ಮೂವತ್ತೊಂದು ಆಗೂದಿಲ್ಲ."

ಗುರುದತ್ತ ಕೌಂಟರ್ ಬಿಟ್ಟು ಬಂದ. ಮುಖ ಕೆಂಪಾಗಿತ್ತು. ಕರ್ಚೀಪು ಮರೆತಿದ್ದ. "ಇದು ಆಸ್ಪತ್ರೆಯ ಸೊತ್ತು. ಕದ್ದುಕೊಂಡು ಹೋಗಿದ್ದೀಯ. ಕಳ್ಳಿ. ಈಗಲೇ ಪೊಲೀಸರನ್ನು ಕರೆಸ್ತೇನೆ."

"ಕರೆಸಿ ಸರ್," ಅಂದೆ. "ಕದ್ದದ್ದು ಹೌದು. ಹನ್ನೊಂದು ಕದ್ದಿದ್ದೆ. ಬರ್ಕೊಳ್ಳಿ. ನಿಮ್ಮ ಬಿಲ್ಲಲ್ಲಿ ಮೂವತ್ತೊಂದು ಅದೆ. ಉಳಿದ ಇಪ್ಪತ್ತು ಯಾರು ಕದ್ದದ್ದು? ಅದ್ನೂ ಪೊಲೀಸರೇ ಹುಡುಕ್ಲಿ."

"ಅದು ಕಸಕ್ಕೆ ಹೋಗಿರ್ತದೆ."

"ಕಸ ಹೊರೂದು ಯಾರು ಸರ್? ಹನ್ನೆರಡು ವರ್ಷದಲ್ಲಿ ನಾನು ಬಿಟ್ರೆ ಇಲ್ಲಿ ಯಾರು ಕಸ ಮುಟ್ಟಿದ್ರು? ಒಂದು ಬಾಲ್ದಿ ಬೆಳಿಗ್ಗೆಯಿಂದ ಇಲ್ಲೇ ಕೂತದೆ. ಅದನ್ನೇ ಎತ್ತೂಕಾಗ್ಲಿಲ್ಲ ನಿಮ್ಮ ಕೈಲಿ."

ಜನ ನಕ್ಕರು. ಈ ಸಲ ನಾನೂ ಮನಸಾರೆ ನಕ್ಕೆ. ಅಷ್ಟರಲ್ಲಿ ದೊಡ್ಡ ಡಾಕ್ಟರ್ ಒಳಗಿನಿಂದ ಬಂದರು. ಆಸ್ಪತ್ರೆ ಅವರದ್ದೇ. ಬಲೆ ನೋಡಿದರು, ಬಾಲ್ದಿ ನೋಡಿದರು, ಮಾಲಿನಿ ಸಿಸ್ಟರನ್ನು ಕರೆದರು.

"ಇದು ನಿನ್ನ ಕೈಬರಹವಾ?"

ಮಾಲಿನಿ ಬಗ್ಗಿ ಒಂದು ಬಾಟ್ಲಿ ಎತ್ತಿದಳು. ಬಲೆಯೂ ಜೊತೆಗೆ ಎದ್ದಿತು. ಗುರುದತ್ತ ಅವಳನ್ನೇ ದಿಟ್ಟಿಸುತ್ತಿದ್ದ. ಅವಳಿಗೂ ಸಂಬಳ ಅಲ್ಲಿಂದಲೇ. ಕಾಯ್ಕಿಣಿಯಲ್ಲಿ ಸಾಲಾಗಿ ಇಬ್ಬರು ತಂಗಿಯರಿದ್ದಾರೆ. ಅವಳು ಇಲ್ಲ ಅಂದಿದ್ದರೆ ನಾನು ಬೈಯುತ್ತಿರಲಿಲ್ಲ.

"ನನ್ನದೇ ಸರ್," ಅಂದಳು. "ಇದರಲ್ಲಿ ಕಮಲಿಯ 'ಲಿ'ಗೆ ಗುಡಿಸು ಹಾಕುವುದು ಮರೆತು ಕಮಲ ಅಂತ ಬರೆದಿದ್ದೇನೆ. ಆ ತಪ್ಪೂ ನನ್ನದೇ."

ಡಾಕ್ಟರು ಅವಳಿಗೆ ಏನೋ ಹೇಳುವುದರಲ್ಲಿದ್ದರು. ಆಗ ದುರ್ಗಪ್ಪಜ್ಜ ಸೊಂಟದಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿದ. "ಒಡೆಯ, ನಂದು ಮೇ ತಿಂಗಳದ್ದು. ಇದ್ರಲ್ಲಿ ಇಪ್ಪತ್ತೆರಡು ಅದೆ ಹೇಳಿ ಮೊಮ್ಮಗಳು ಓದಿದ್ಲು. ಮಾಬ್ಲ, ಬುಡದ ಕಡೆ ಬಿಚ್ಚು ಕಾಂಬ."

ಮಾಬ್ಲ ಸುರುಳಿಗೆ ಕೈ ಹಾಕಿದ. ಡಾಕ್ಟರ ಕಣ್ಣು ಆ ಸುರುಳಿಯ ಮೇಲೆ ನಿಂತಿತು. ನಾವು ಬಿಚ್ಚಿದ್ದು ಎರಡು ಮಾರು. ಉಳಿದದ್ದು ಇನ್ನೂ ಸುತ್ತಿಕೊಂಡೇ ಇತ್ತು. ಶಿವರಾತ್ರಿಯಿಂದ ಆ ವಾರ್ಡಿನಲ್ಲಿ ಮಲಗಿದವರೆಲ್ಲ ಅದರೊಳಗಿದ್ದರು. ಸುತ್ತ ನಿಂತವರಲ್ಲಿ ಆಗಲೇ ಒಂದಿಬ್ಬರು ತಮ್ಮ ಮನೆಯವರ ಹೆಸರು ಹೇಳಿ ಮಾಬ್ಲನನ್ನು ವಿಚಾರಿಸುತ್ತಿದ್ದರು.

"ಬಿಚ್ಚುವುದು ಬೇಡ," ಅಂದರು ಡಾಕ್ಟರು. "ಗುರುದತ್ತ, ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿದೆ. ಇವರ ಬಿಲ್ಲು ಇನ್ನೊಮ್ಮೆ ತೆಗಿ. ಅಜ್ಜನದ್ದೂ ನೋಡು."

ಕಂಪ್ಯೂಟರ್ ಪಾಪ, ಮಾತಾಡುವುದಿಲ್ಲ. ಅರ್ಧ ಗಂಟೆಯಲ್ಲಿ ಹೊಸ ಕಾಗದ ಬಂತು. ನಾಲ್ಕು ಸಾವಿರದ ಎಂಟುನೂರು. ಕಾರ್ಡಿನಲ್ಲಿ ಮತ್ತೂ ಇನ್ನೂರು ರೂಪಾಯಿ ಉಳಿಯಿತು. ವೆಂಕಟ ಕೈ ಮುಗಿದು ಎಲ್ಲರಿಗೂ ಕ್ಷಮೆ ಕೇಳತೊಡಗಿದ. "ನೀನು ಎಂತಕ್ಕೆ ಕ್ಷಮೆ ಕೇಳೂದು? ನಡಿ ಮನಿಗೆ," ಎಂದು ಕಮಲಿ ಅವನ ತೋಳು ಹಿಡಿದು ಎಳೆದಳು. ಅವಳ ರವಿಕೆ ಒದ್ದೆಯಾಗಿತ್ತು. ಸೆರಗು ಸರಿ ಮಾಡಿಕೊಳ್ಳಲೂ ಇಲ್ಲ. ಬಲೆಯ ಜೊತೆಗೇ ಟೆಂಪೋ ಹತ್ತಿ, "ಬೇಗ ಬಿಡು, ಕೂಸು ಕಾಯ್ತದೆ," ಅಂದಳು.

ನನ್ನನ್ನು ಕೆಲಸದಿಂದ ತೆಗೆದರು. ಅದನ್ನು ಡಾಕ್ಟರು ಹೇಳಲಿಲ್ಲ, ಗುರುದತ್ತ ಗೇಟಿನವನ ಹತ್ತಿರ ಹೇಳಿಸಿದ. ನಾನು ಮನೆಯಲ್ಲಿ ಎರಡು ದಿನ ಚೆನ್ನಾಗಿ ಮಲಗಿದೆ. ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚಿಕೊಂಡೆ. ಮಾಬ್ಲನ ಅಂಗಳಕ್ಕೆ ಮಾತ್ರ ಜನವೋ ಜನ. ಒಬ್ಬೊಬ್ಬರೂ ಹಳೆ ಬಿಲ್ಲು ಹಿಡಿದುಕೊಂಡು ಬಂದರು. ಬಲೆ ನೀರಿಗೆ ಹಾಕುವುದು ಯಾವಾಗ, ಇದೇನು ತಾಲೂಕು ಕಚೇರಿಯಾ ಎಂದು ಅವನು ಬೈಯುತ್ತಿದ್ದ. ಬೈಯುತ್ತಲೇ ಎಲ್ಲರಿಗೂ ಓದಿ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಒಂಬತ್ತು ಜನ ದುಡ್ಡು ವಾಪಸು ಕೇಳಿದರು. ನಾಲ್ಕು ಜನರಿಗೆ ಕೊಟ್ಟರು. ಉಳಿದವರು ಇನ್ನೂ ಕೇಳುತ್ತಿದ್ದಾರೆ, ಬಿಡುವ ಲಕ್ಷಣ ಇಲ್ಲ.

ಮೂರನೇ ದಿನ ಗುರುದತ್ತನೇ ಮಾಬ್ಲನ ಅಂಗಳಕ್ಕೆ ಬಂದ, ಬೈಕಿನಲ್ಲಿ. ಭೇದಿ ವಾರ್ಡಿಗೆ ಯಾರೂ ಕಾಲಿಡಲು ತಯಾರಿಲ್ಲವಂತೆ. ಹೊನ್ನಾವರದಿಂದ ಒಬ್ಬಳನ್ನು ಕರೆಸಿದ್ದರಂತೆ, ಮಧ್ಯಾಹ್ನಕ್ಕೇ ಹೇಳದೆ ಹೋದಳಂತೆ. ಒಳಗಿನ ವಾಸನೆಗೆ ಹೊರಗೆ ಚೀಟಿ ಮಾಡಿಸಲೂ ಜನ ನಿಲ್ಲುತ್ತಿಲ್ಲವಂತೆ. ನನಗೆ ಬಹಳ ಬೇಸರ ಆದಂತೆ ಮುಖ ಮಾಡಿದೆ.

"ತಿಂಗಳಿಗೆ ನೂರು ಹೆಚ್ಚು ಕೊಡ್ತೇವೆ," ಅಂದ.

"ಮುನ್ನೂರು. ಮತ್ತೆ ಗ್ಲೌಸು. ಚಾ ಲೋಟ ಒಳಗೆ."

"ಆಯ್ತು. ಆದ್ರೆ ಇನ್ನು ಮೇಲೆ ಒಂದೇ ಒಂದು ಬಾಟ್ಲಿ ಹೊರಗೆ ಹೋಗಬಾರದು. ಅಲ್ಲೇ ಕತ್ತರಿಸಿ ಹಾಕಬೇಕು. ಡಾಕ್ಟರ ಆರ್ಡರ್." ಚೀಲದಿಂದ ಹೊಸ ಕತ್ತರಿ ತೆಗೆದು ಕೊಟ್ಟ. ಅದನ್ನು ಮೊದಲೇ ತಂದಿದ್ದ.

ಮಾಬ್ಲನ ಮುಖ ಸಣ್ಣಗಾಯಿತು. ಅವನಿಗೆ ಬೆಂಡು ಹೋಯಿತು. ನನಗೆ ವಿಷಯ ಅರ್ಥವಾಯಿತು. ಬಾಟ್ಲಿ ಇಲ್ಲವಾದರೆ ಲೆಕ್ಕವೂ ಇಲ್ಲ.

"ಆತು," ಅಂದೆ. "ಕತ್ತರಿಸ್ತೆ."

ಮರುದಿನ ಆರು ಗಂಟೆಗೆ ಹೋದೆ. ಮೂರು ದಿನದ ಹೊಲಸು ತೆಗೆಯುವಷ್ಟರಲ್ಲಿ ಹತ್ತು ಗಂಟೆ ಆಯಿತು. ಗ್ಲೌಸಿನೊಳಗೆ ಕೈ ಬೆವರಿ ಜಾರುತ್ತಿತ್ತು, ಆದರೂ ಹಾಕಿಕೊಂಡೇ ಮಾಡಿದೆ. ಆಮೇಲೆ ವಾರ್ಡಿನ ನಡುವೆ ಒಂದು ಬಾಲ್ದಿ ಬೋರಲು ಹಾಕಿ, ಅದರ ಮೇಲೆ ಕೂತು, ಖಾಲಿ ಬಾಟ್ಲಿಗಳನ್ನು ಪಕ್ಕದಲ್ಲಿಟ್ಟುಕೊಂಡೆ. ಒಂದೊಂದೇ ಎತ್ತಿ, ಪಟ್ಟಿಯ ಅಂಕಿ ಎಷ್ಟು ಎಂದು ಮಾಲಿನಿ ಸಿಸ್ಟರ್ ಹತ್ತಿರ ಕೇಳಿದೆ. ನನಗೆ ಮಾಬ್ಲನಷ್ಟು ಓದು ಬರುವುದಿಲ್ಲ. ಸ್ವರ ಮಾತ್ರ ಅವನಿಗಿಂತ ದೊಡ್ಡದು.

"ಎರಡನೇ ಹಾಸಿಗೆ, ನಿನ್ನೆಯಿಂದ ನಾಲ್ಕು," ಎಂದು ಕೂಗಿದೆ. ಕೂಗಿ ಕತ್ತರಿಸಿದೆ.

ಎರಡನೇ ಹಾಸಿಗೆಯ ಹೆಂಗಸು ತಲೆ ಎತ್ತಿದಳು. ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಜೇಬಿನಿಂದ ಬೀಡಿ ಕಟ್ಟಿನ ಕಾಗದ ತೆಗೆದು, ಯಾರ ಹತ್ತಿರ ಪೆನ್ನಿದೆ ಎಂದು ಕೇಳಿದ.

"ಐದನೇ ಹಾಸಿಗೆ, ಒಂದು. ಏಳನೇ ಹಾಸಿಗೆ, ಎರಡು."

"ಎರಡು ಹೌದು ತಂಗಿ," ಅಂತ ಏಳನೇ ಹಾಸಿಗೆಯ ಮುದುಕಿ ಮಲಗಿದಲ್ಲಿಂದಲೇ ಒಪ್ಪಿದಳು.

ಗುರುದತ್ತ ಬಾಗಿಲಿಗೆ ಬಂದು ನಿಂತ. ಆರ್ಡರ್ ಕತ್ತರಿಸಬೇಕು ಎಂದಿತ್ತು. ಕೂಗಬಾರದು ಎಂದಿರಲಿಲ್ಲ. ನಾನು ಮುಂದಿನ ಬಾಟ್ಲಿ ಎತ್ತಿದೆ.

"ಒಂಬತ್ತನೇ ಹಾಸಿಗೆ, ಮೂರು."

ಅವನು ಕಿಸೆಯಿಂದ ಪೆನ್ನು ತೆಗೆದು ಮೂರು ಎಂದು ಬರೆದುಕೊಂಡ.